ನೋವಿನ ನಡುವೆ ಕ್ರೋಶಾ ಉಡುಪು: ಪದೇ ಪದೇ ಕೇಳುವ ಪ್ರಶ್ನೆಗಳು

ಸಂಧಿವಾತ, ಮೈಯೆಲ್ಲ ನೋಯುವ ಫೈಬ್ರೊಮಯಾಲ್ಜಿಯಾ, ಕತ್ತು-ಬೆನ್ನಿನ ಹಳೆಯ ನೋವು, ಹೆಸರೇ ಸಿಗದ ಇನ್ನಾವುದೋ ನೋವು ಇಟ್ಟುಕೊಂಡೇ ಹೆಣೆಯುವವರು ಮಾತಿನಲ್ಲಿ, ಪತ್ರಗಳಲ್ಲಿ ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿವು. ನನ್ನ ಕೀಲುಗಳೂ ಇದೇ ಗುಂಪಿಗೆ ಸೇರಿದವು. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಹೆಣೆಯುವಾಗ ಕೈಯನ್ನು ಕಾಯುವ ಆಯ್ಕೆಗಳೇ ಬಹುಮಟ್ಟಿಗೆ ತೊಟ್ಟಾಗ ಒಪ್ಪುವ ಉಡುಪನ್ನೂ ಕೊಡುತ್ತವೆ. ಎರಡರಲ್ಲಿ ಒಂದನ್ನು ಬಿಡಬೇಕಾದ ಸಂದರ್ಭ ಕಡಿಮೆ.

ಸ್ಟಿಚ್‌ಗಳ ಹೆಸರನ್ನು ಎಲ್ಲ ಕಡೆ ಅಮೆರಿಕನ್ ರೂಢಿಯಲ್ಲಿ ಬಳಸಿದ್ದೇನೆ.

## ಆರಂಭಿಸುವವರಿಗೆ

ಕೈ ಯಾವಾಗಲೂ ನೋಯುತ್ತಿರುತ್ತದೆ. ಕ್ರೋಶಾ ಹಾಕಿದರೆ ಇನ್ನೂ ಹೆಚ್ಚಾಗುವುದಿಲ್ಲವೇ?

ಎಷ್ಟು ಹೊತ್ತು ಹೆಣೆಯುತ್ತೀರಿ, ಎಷ್ಟು ಬಿಗಿಯಾಗಿ ಹಿಡಿಯುತ್ತೀರಿ ಎನ್ನುವುದರ ಮೇಲೆ ಅದು ನಿಂತಿದೆ. ಮೂರು ತಿಂಗಳಿಗಿಂತ ಹೆಚ್ಚು ಕಾಲ ಉಳಿದ ಅಥವಾ ಮರುಕಳಿಸುತ್ತಿರುವ ನೋವನ್ನು ವೈದ್ಯರು ದೀರ್ಘಕಾಲದ ನೋವು ಎನ್ನುತ್ತಾರೆ. ಇಂಥ ನೋವಿನಲ್ಲಿ ಪ್ರತಿ ಚುಳುಕೂ ಹೊಸ ಗಾಯದ ಗುರುತಾಗಿರಬೇಕೆಂದಿಲ್ಲ. ಹಾಗೆಂದು ಎಲ್ಲವನ್ನೂ ಹಳೆಯ ನೋವಿನ ಖಾತೆಗೆ ಬರೆಯುವುದೂ ತಪ್ಪು. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ರಾತ್ರಿ ಎಚ್ಚರವಾಗುತ್ತಿದ್ದರೆ ಮಣಿಕಟ್ಟಿನ ನರ ಒತ್ತಿಕೊಂಡಿರಬಹುದು. ಕಿರುಬೆರಳು ಜೋಮು ಹಿಡಿಯುತ್ತಿದ್ದರೆ ಮೊಣಕೈಯನ್ನು ಬಹಳ ಹೊತ್ತು ಮಡಚಿಟ್ಟುಕೊಂಡಿದ್ದು ಕಾರಣವಿರಬಹುದು. ಕೀಲು ಬಿಸಿಯಾಗಿ ಊದಿದ್ದರೆ, ಹಿಡಿದ ವಸ್ತು ಕೈಜಾರಿ ಬೀಳುತ್ತಿದ್ದರೆ ಕಡ್ಡಿ ಕೆಳಗಿಟ್ಟು ವೈದ್ಯರನ್ನು ಕಾಣಿ. ಕೈಗಳ ಆರೈಕೆ ತಿಳಿದ ಆಕ್ಯುಪೇಶನಲ್ ಥೆರಪಿಸ್ಟ್ ಸಿಕ್ಕರೆ ಹೆಣಿಗೆಯನ್ನು ಜೊತೆಗೇ ಒಯ್ದು, ಅವರ ಮುಂದೆ ಎರಡು ಸಾಲು ಹೆಣೆದು ತೋರಿಸಿ. ಬಾಯಲ್ಲಿ ವಿವರಿಸಿದರೆ ಅವರಿಗೆ ಅರ್ಧ ಮಾತ್ರ ತಿಳಿಯುತ್ತದೆ.

ಕಡ್ಡಿ ಹಿಡಿದ ಸ್ವಲ್ಪ ಹೊತ್ತಿಗೇ ಹೆಬ್ಬೆರಳಿನ ಬುಡ ಹಿಡಿದುಕೊಳ್ಳುತ್ತದೆ. ಯಾವ ಕಡ್ಡಿ ಕೊಳ್ಳಲಿ?

ಸಣ್ಣ ಲೋಹದ ಕಡ್ಡಿಯನ್ನು ಜಾರದಂತೆ ಹಿಡಿಯಲು ಹೆಬ್ಬೆರಳು ಮತ್ತು ತೋರುಬೆರಳು ಬಿಡದೆ ಚಿವುಟುತ್ತಲೇ ಇರಬೇಕು. ಹಿಡಿಯ ಭಾಗ ದಪ್ಪವಾಗಿ, ಮೆತ್ತಗೆ ಇದ್ದರೆ ಆ ಒತ್ತಡ ಇಡೀ ಅಂಗೈಗೆ ಹಂಚಿಕೆಯಾಗುತ್ತದೆ. ರಬ್ಬರ್ ಹಿಡಿಯ ಕಡ್ಡಿ ಕೊಳ್ಳುವ ಮೊದಲು, ಇರುವ ಕಡ್ಡಿಗೇ ಪೆನ್ಸಿಲ್ ಹಿಡಿಕೆಯ ಫೋಮ್ ತೂರಿಸಿ ನೋಡಿ. ನಿಮ್ಮ ಅಂಗೈಗೆ ಯಾವ ದಪ್ಪ ಹಿತವೆಂದು ಅದರಲ್ಲೇ ತಿಳಿಯುತ್ತದೆ. ಹಿಡಿಯುವ ಕ್ರಮವನ್ನೂ ಬದಲಿಸಬಹುದು. ಪೆನ್ಸಿಲಿನಂತೆ ಹಿಡಿದರೆ ಬೆರಳುಗಳಿಗೆ ಕೆಲಸ ಹೆಚ್ಚು, ಚಾಕುವಿನಂತೆ ಮೇಲಿನಿಂದ ಹಿಡಿದರೆ ಮುಂಗೈಗೆ ಹೆಚ್ಚು. ಎರಡನ್ನೂ ಕಲಿತು ಅದಲುಬದಲು ಮಾಡುವುದು ಒಳ್ಳೆಯದು. ಚಳಿಗೆ ಕೀಲು ಬಿಗಿಯುವವರಿಗೆ ಅಲ್ಯೂಮಿನಿಯಂಗಿಂತ ಮರ ಅಥವಾ ಬಿದಿರು ಹಿತ.

ಒಮ್ಮೆ ಕುಳಿತರೆ ಎಷ್ಟು ಹೊತ್ತು ಹೆಣೆಯಬಹುದು?

ನೋವು ಬಂದ ಮೇಲೆ ನಿಲ್ಲಿಸುವುದಲ್ಲ, ನೋವು ಬರುವ ಮೊದಲೇ ನಿಲ್ಲಿಸುವುದು. ಸಾಧಾರಣ ದಿನದಲ್ಲಿ ಎಷ್ಟು ನಿಮಿಷಕ್ಕೆ ಕೈ ದೂರತೊಡಗುತ್ತದೆ ಎಂದು ಗಮನಿಸಿ, ಅದರ ಅರ್ಧಕ್ಕೆ ಮೊಬೈಲಿನಲ್ಲಿ ಅಲಾರಂ ಇಡಿ. ಇಪ್ಪತ್ತು ನಿಮಿಷಕ್ಕೆ ನೋವು ಶುರುವಾಗುವುದಾದರೆ ಹತ್ತಕ್ಕೆ. ಸಾಲಿನ ನಡುವಿದ್ದರೂ ಅಲಾರಂ ಹೊಡೆದಾಗ ಕೆಳಗಿಡಬೇಕು. ಕುಣಿಕೆಗೆ ಮಾರ್ಕರ್ (ಗುರುತಿಗೆ ಹಾಕುವ ಪಿನ್ನಿನಂಥ ಕೊಂಡಿ) ಸಿಕ್ಕಿಸಿದರೆ ಏನೂ ಬಿಚ್ಚಿಕೊಳ್ಳುವುದಿಲ್ಲ. ಇದರಲ್ಲಿ ಅತ್ಯಂತ ಕಷ್ಟದ್ದು ಚೆನ್ನಾಗಿರುವ ದಿನ. ಮೈ ಹಗುರವೆನಿಸಿದ ದಿನವೇ ಒಂದು ತೋಳು ಪೂರ್ತಿ ಮುಗಿಸಿ, ಮುಂದಿನ ನಾಲ್ಕು ದಿನ ಕೈ ಎತ್ತಲಾಗದೆ ಮಲಗಿದವರನ್ನು ನಾನು ಬಹಳ ಕಂಡಿದ್ದೇನೆ. ಆ ದಿನಕ್ಕೂ ಅದೇ ಅಲಾರಂ.

ಕುಳಿತುಕೊಳ್ಳುವುದೇ ಕಷ್ಟ. ಹಾಸಿಗೆಯಲ್ಲಿ ಒರಗಿಕೊಂಡು ಹೆಣೆಯಬಹುದೇ?

ಧಾರಾಳವಾಗಿ. ಮಂಡಿಯ ಕೆಳಗೊಂದು ದಿಂಬು, ಎರಡೂ ಮೊಣಕೈಗಳ ಕೆಳಗೆ ಒಂದೊಂದು ದಿಂಬು. ಮೊಣಕೈ ಗಾಳಿಯಲ್ಲಿ ತೂಗುತ್ತಿದ್ದರೆ ಅದರ ಭಾರವನ್ನು ಕತ್ತು ಹೊರಬೇಕಾಗುತ್ತದೆ. ಹೆಣಿಗೆಯನ್ನು ಕಣ್ಣಿನ ಹತ್ತಿರಕ್ಕೆ ತನ್ನಿ, ಕತ್ತನ್ನು ಹೆಣಿಗೆಯ ಕಡೆ ಬಗ್ಗಿಸಬೇಡಿ. ಉಂಡೆಯಿಂದ ನೂಲು ತಾನಾಗಿ ಬಿಚ್ಚಿಕೊಳ್ಳುವಂತೆ ಮೊದಲೇ ಒಂದಷ್ಟು ಎಳೆದಿಟ್ಟುಕೊಳ್ಳಿ. ಪ್ರತಿ ಹತ್ತು ಸ್ಟಿಚ್‌ಗೊಮ್ಮೆ ತೋಳು ಚಾಚಿ ನೂಲು ಜಗ್ಗುವುದು ಭುಜಕ್ಕೆ ಸುಮ್ಮನೆ ಕೊಡುವ ಶಿಕ್ಷೆ.

ಹೊದಿಕೆ, ಶಾಲು ಬರುತ್ತವೆ. ಮೊದಲ ಉಡುಪು ಯಾವುದಾಗಲಿ?

ತೋಳಿಲ್ಲದ, ಮುಂದೆ ತೆರೆದ ಉದ್ದನೆಯ ವೇಸ್ಟ್. ಬೆನ್ನಿಗೆ ಒಂದು ಆಯತ, ಮುಂಭಾಗಕ್ಕೆ ಅದರ ಅರ್ಧಕ್ಕಿಂತ ಕಿರಿದಾದ ಎರಡು ಆಯತ. ಏರಿಸುವುದು, ಇಳಿಸುವುದು ಇಲ್ಲ. ಅಳತೆ ಎರಡು ಸೆಂಟಿಮೀಟರ್ ಹೆಚ್ಚುಕಮ್ಮಿಯಾದರೂ ಉಡುಪು ಕೆಡುವುದಿಲ್ಲ. ಮುಂಭಾಗದ ಎರಡು ಅಂಚುಗಳು ಮೇಲಿನಿಂದ ಕೆಳಗೆ ನೇರ ಗೆರೆಯಾಗಿ ಬೀಳುವುದರಿಂದ ಎಂಥ ಮೈಕಟ್ಟಿಗೂ ಒಪ್ಪುತ್ತದೆ.

## ನೂಲು ಮತ್ತು ಹೆಣಿಗೆ

ನಾನು ಹೆಣೆದ ಟಾಪ್ ರಟ್ಟಿನ ಹಾಗೆ ನಿಲ್ಲುತ್ತದೆ, ಮೈಮೇಲೆ ಬೀಳುವುದೇ ಇಲ್ಲ. ಏಕೆ?

ಹೆಚ್ಚಿನವರ ಉಡುಪಿನಲ್ಲಿ ಕಾರಣ ಒಂದೇ: ನೂಲಿಗೆ ಕಡ್ಡಿ ಚಿಕ್ಕದಾಯಿತು. ಉಂಡೆಯ ಚೀಟಿಯಲ್ಲಿ ಬರೆದ ಅಳತೆ ಒಂದು ಸೂಚನೆ ಅಷ್ಟೇ. ಗೊಂಬೆ, ಬುಟ್ಟಿಗಳಿಗೆ ಬಿಗಿ ಹೆಣಿಗೆ ಬೇಕು. ಉಡುಪಿಗೆ ಬೇಕಾದದ್ದು ಸಡಿಲು. 4 ಮಿ.ಮೀ. ಎಂದಿದ್ದರೆ 5 ಮಿ.ಮೀ. ಕಡ್ಡಿಯಲ್ಲಿ ಒಂದು ತುಂಡು ಹೆಣೆದು, ಒಂದು ತುದಿಯನ್ನು ಎರಡು ಬೆರಳಲ್ಲಿ ಹಿಡಿದು ತೂಗುಹಾಕಿ. ತುಂಡು ಮಡಿಕೆಯಾಗಿ ಕೆಳಗಿಳಿದರೆ ಉಡುಪಿಗೆ ಸರಿ. ಹಲಗೆಯಂತೆ ಅಡ್ಡಕ್ಕೆ ಚಾಚಿಕೊಂಡರೆ ಇನ್ನೂ ದೊಡ್ಡ ಕಡ್ಡಿ ಹಿಡಿಯಿರಿ.

ಸ್ಟಿಚ್‌ನ ಆಯ್ಕೆಯೂ ಮುಖ್ಯ. ಸಿಂಗಲ್ ಕ್ರೋಶಾ ಗಿಡ್ಡ, ಒತ್ತಾದ ಸ್ಟಿಚ್. ಹಾಫ್ ಡಬಲ್, ಡಬಲ್ ಕ್ರೋಶಾ ಎತ್ತರವಾಗಿದ್ದು ಬಾಗುತ್ತವೆ. ಕುಣಿಕೆಯ ಎರಡು ಎಳೆಗಳಲ್ಲಿ ಹಿಂದಿನ ಒಂದೇ ಎಳೆಗೆ ಕಡ್ಡಿ ಹಾಕಿದರೆ ಹೆಣಿಗೆ ಇನ್ನಷ್ಟು ಮೆದುವಾಗುತ್ತದೆ. ಕೈಗೂ ಇದೇ ಹಿತ, ಬಿಗಿಯಾದ ಕಣ್ಣಿನೊಳಗೆ ಕಡ್ಡಿ ತುರುಕುವ ಕಷ್ಟ ಇರುವುದಿಲ್ಲ.

ದಪ್ಪ ನೂಲು ತೆಗೆದುಕೊಂಡರೆ ಸ್ಟಿಚ್ ಕಡಿಮೆ, ಕೈಗೂ ಕೆಲಸ ಕಡಿಮೆಯಲ್ಲವೇ?

ಎಲ್ಲರೂ ಹಾಗೆ ಅಂದುಕೊಳ್ಳುತ್ತಾರೆ. ಸ್ಟಿಚ್ ಕಡಿಮೆ ನಿಜ, ಆದರೆ ಹೆಣೆಯುವಾಗಲೂ ತೊಟ್ಟಾಗಲೂ ಭಾರ ಹೆಚ್ಚು, ಮೈಯೂ ದಪ್ಪ ಕಾಣುತ್ತದೆ. ನೂಲಿನ ದಪ್ಪಕ್ಕಿಂತ ಸ್ಟಿಚ್ ಯಾವುದು ಎನ್ನುವುದೇ ಕೈಯ ಶ್ರಮವನ್ನು ಹೆಚ್ಚು ಬದಲಿಸುತ್ತದೆ. ಲೆಕ್ಕ ಹಾಕಿ ನೋಡೋಣ.

ಡಿಕೆ ಎಂದು ಕರೆಯುವ ಮಧ್ಯಮ ದಪ್ಪದ ನೂಲಿನಲ್ಲಿ 10 ಸೆಂ.ಮೀ. ಚದರದ ತುಂಡು. ಸಿಂಗಲ್ ಕ್ರೋಶಾದಲ್ಲಿ ಸುಮಾರು 16 ಸ್ಟಿಚ್‌ಗಳ 18 ಸಾಲು ಬೇಕು: 288 ಸಲ ಕಡ್ಡಿಯನ್ನು ಕಣ್ಣಿಗೆ ತೂರಿಸಬೇಕು. ಪ್ರತಿ ಸ್ಟಿಚ್‌ಗೆ ಎರಡು ಸಲದಂತೆ 576 ಸಲ ನೂಲನ್ನು ಕಡ್ಡಿಗೆ ಸುತ್ತಬೇಕು. ಡಬಲ್ ಕ್ರೋಶಾದಲ್ಲಿ 16 ಸ್ಟಿಚ್‌ಗಳ 9 ಸಾಲು ಎಂದಿಟ್ಟುಕೊಳ್ಳಿ. ಸ್ಟಿಚ್‌ಗೆ ನಾಲ್ಕು ಸಲ ಸುತ್ತುವುದರಿಂದ ಅಲ್ಲೂ 576ಕ್ಕೇ ಬಂದು ನಿಲ್ಲುತ್ತದೆ, ಆದರೆ ತೂರಿಸುವುದು 144 ಸಲ ಮಾತ್ರ. ಇನ್ನು ಒಂದು ಡಬಲ್, ಒಂದು ಚೈನ್ (ಎಲ್ಲಿಗೂ ತೂರಿಸದೆ ಒಂದೇ ಸಲ ಸುತ್ತಿ ಹಾಕುವ ಕುಣಿಕೆ) ಎಂದು ಹೆಣೆಯುವ ಜಾಲರಿಯನ್ನು ನೋಡಿ. ತೂರಿಸುವುದು 72 ಸಲ, ಸುತ್ತುವುದು 360 ಸಲ. ಅದೂ ಚೈನಿನ ಕೆಳಗಿನ ಅಗಲ ಕಿಂಡಿಗೆ ತೂರಿಸಿದರೆ ಕಡ್ಡಿಯ ತುದಿಯಿಂದ ಕಣ್ಣು ಹುಡುಕುವ ಗೋಜಿಲ್ಲ. ಒಳಗೊಂದು ತೆಳು ಬಟ್ಟೆ ತೊಟ್ಟು ಮೇಲೆ ಜಾಲರಿಯ ಉಡುಪು ಹಾಕುವುದು ನೋಡಲೂ ಸೊಗಸು.

ಹೀಗಾಗಿ ನನ್ನ ಸಲಹೆ ಡಿಕೆ ಅಥವಾ ಅದಕ್ಕಿಂತ ಒಂದು ಹೆಜ್ಜೆ ತೆಳುವಾದ ಸ್ಪೋರ್ಟ್ ನೂಲು, ದೊಡ್ಡ ಕಡ್ಡಿ, ತೆರೆದ ವಿನ್ಯಾಸ.

ಬಟ್ಟೆ ತಾಗಿದರೇ ಚರ್ಮ ಉರಿಯುತ್ತದೆ. ಯಾವ ನೂಲು ತಡೆದುಕೊಳ್ಳಬಲ್ಲೆ?

ಹಗುರ ಸ್ಪರ್ಶವೇ ನೋವಾಗುವ ಈ ಸ್ಥಿತಿಗೆ ವೈದ್ಯಕೀಯದಲ್ಲಿ ಅಲೊಡೀನಿಯಾ ಎನ್ನುತ್ತಾರೆ. ಇದು ನಿಮ್ಮ ಕಲ್ಪನೆಯಲ್ಲ. ನೂಲಿನಲ್ಲಿ ಚುಚ್ಚುವುದು ಹೊರಗೆ ಚಾಚಿಕೊಂಡ ನಾರಿನ ತುದಿಗಳು. ನಾರು 30 ಮೈಕ್ರಾನ್‌ಗಿಂತ ದಪ್ಪವಿದ್ದರೆ ತುದಿ ಬಾಗದೆ ಚರ್ಮವನ್ನು ಒತ್ತುತ್ತದೆ. ಒರಟು ಉಣ್ಣೆ ಕೆರೆಯುವುದೂ, ಅದಕ್ಕಿಂತ ಎಷ್ಟೋ ಸಪೂರವಾದ ಮೆರಿನೊ ಉಣ್ಣೆ ಅಷ್ಟಾಗಿ ಕೆರೆಯದಿರುವುದೂ ಇದರಿಂದಲೇ. ಹತ್ತಿ, ಬಿದಿರಿನ ವಿಸ್ಕೋಸ್, ರೇಷ್ಮೆ ಬೆರೆತ ನೂಲುಗಳು ನಯ. ಮೊಹೇರ್‌ನಂಥ ರೋಮದ ನೂಲು ಕೈಯಲ್ಲಿ ಮೆತ್ತಗಿದ್ದರೂ ಕತ್ತಿನ ಮೇಲೆ ಕಾಟ ಕೊಡುತ್ತದೆ.

ಅಂಗಡಿಯಲ್ಲಿ ಬೆರಳಿನಿಂದ ಮುಟ್ಟಿ ನಿರ್ಧರಿಸಬೇಡಿ, ಬೆರಳ ಚರ್ಮ ಗಡಸು. ಒಂದೇ ಉಂಡೆ ಕೊಂಡು ಅಂಗೈಯಗಲದ ತುಂಡು ಹೆಣೆದು, ತೊಳೆದು ಒಣಗಿಸಿ, ಒಳ ಉಡುಪಿನ ಅಂಚಿಗೋ ಕತ್ತಿನ ಬದಿಗೋ ಸಿಕ್ಕಿಸಿಕೊಂಡು ಅರ್ಧ ದಿನ ಇರಿ. ಸಾಧ್ಯವಾದರೆ ನೋವು ಕೆರಳಿದ ದಿನವೇ ಈ ಪರೀಕ್ಷೆ ಮಾಡಿ. ಆ ದಿನ ಸಹಿಸಿದ ನೂಲು ಎಲ್ಲ ದಿನವೂ ಸಹಿಸುತ್ತದೆ.

ಹತ್ತಿಯಲ್ಲಿ ಹೆಣೆದದ್ದು ಸಂಜೆಯ ಹೊತ್ತಿಗೆ ಭುಜ ಜಗ್ಗುತ್ತದೆ, ಉದ್ದವೂ ಆಗುತ್ತದೆ. ಏನು ಮಾಡಲಿ?

ಹತ್ತಿ ತೂಕದ ನಾರು, ಎಳೆದರೆ ಉಣ್ಣೆಯಂತೆ ಮರಳಿ ಕುಗ್ಗುವ ಗುಣವೂ ಅದಕ್ಕಿಲ್ಲ. ಕೊಳ್ಳುವ ಮುನ್ನ ಚೀಟಿಯಲ್ಲಿ ಮೀಟರ್ ಮತ್ತು ಗ್ರಾಂ ಎರಡನ್ನೂ ಓದಿ. ತೆಳುವಾದ ಫಿಂಗರಿಂಗ್ ನೂಲು 100 ಗ್ರಾಂಗೆ ಸುಮಾರು 400 ಮೀಟರ್ ಇರುತ್ತದೆ. ಉಡುಪಿಗೆ 1,200 ಮೀಟರ್ ಹಿಡಿದರೂ 300 ಗ್ರಾಂ ಅಷ್ಟೇ. ದಪ್ಪ ಹತ್ತಿಯಲ್ಲಿ ಅದೇ ಉಡುಪು ಅದರ ಎರಡರಷ್ಟು ತೂಗುವುದುಂಟು. ಹತ್ತಿ ಮತ್ತು ಅಕ್ರಿಲಿಕ್ ಬೆರೆತ ನೂಲು ಹಗುರ.

ಈಗಾಗಲೇ ಹೆಣೆದದ್ದನ್ನು ಉಳಿಸಿಕೊಳ್ಳಬೇಕೆಂದರೆ, ಬೆನ್ನಿನ ಕಡೆಯ ಕೊರಳು ಮತ್ತು ಎರಡೂ ಭುಜದ ಸಂದುಗಳ ಒಳಗೆ ಎತ್ತರವಿಲ್ಲದ, ಅಷ್ಟಾಗಿ ಹಿಗ್ಗದ ಸ್ಲಿಪ್ ಸ್ಟಿಚ್‌ನ ಒಂದು ಸಾಲು ಹಾಕಿ, ಇಲ್ಲವೇ ನಯವಾದ ಹತ್ತಿಯ ಪಟ್ಟಿ ಹೊಲಿಯಿರಿ. ಉಡುಪು ಹಿಗ್ಗುವುದು ಅಲ್ಲಿಂದಲೇ.

ಪ್ಯಾಟರ್ನ್‌ನಲ್ಲಿ ಬರೆದ ಡಬಲ್ ಕ್ರೋಶಾ ಹೆಣೆದರೂ ಚಿತ್ರದಂತೆ ಬರಲಿಲ್ಲ. ಏಕೆ?

ಬ್ರಿಟಿಷ್ ರೂಢಿಯ ಡಬಲ್ ಎಂದರೆ ಅಮೆರಿಕನ್ ಸಿಂಗಲ್. ಬ್ರಿಟಿಷ್ ಟ್ರೆಬಲ್ ಎಂದರೆ ಅಮೆರಿಕನ್ ಡಬಲ್. ಪ್ಯಾಟರ್ನ್‌ನಲ್ಲಿ ಎಲ್ಲಾದರೂ ಸಿಂಗಲ್ ಕ್ರೋಶಾ ಎಂಬ ಮಾತಿದ್ದರೆ ಅದು ಅಮೆರಿಕನ್, ಬ್ರಿಟಿಷ್ ರೂಢಿಯಲ್ಲಿ ಆ ಹೆಸರಿಲ್ಲ.

## ಅಳತೆ ಮತ್ತು ಅಂದ

ಅಳತೆ ನೋಡುವ ಮಾದರಿ ತುಂಡು ಹೆಣೆಯುವುದರಲ್ಲೇ ಶಕ್ತಿ ಮುಗಿಯುತ್ತದೆ. ಅದನ್ನು ಬಿಡಬಹುದೇ?

ನೋವಿರುವವರಿಗೇ ಅದು ಹೆಚ್ಚು ಅಗತ್ಯ, ಏಕೆಂದರೆ ಇಡೀ ಬೆನ್ನಿನ ಭಾಗ ಬಿಚ್ಚಿ ಮತ್ತೆ ಹೆಣೆಯುವ ಶಕ್ತಿ ನಮ್ಮಲ್ಲಿಲ್ಲ. ದಂಡವೂ ಆಗುವುದಿಲ್ಲ. ಅದನ್ನೇ ಜೇಬಾಗಿ ಹೊಲಿಯಬಹುದು. ತೋಳಿನಿಂದ ಶುರುಮಾಡಿದರೆ ತೋಳೇ ಮಾದರಿ ತುಂಡಾಗುತ್ತದೆ. ಒಂದು ಮಾತು ನೆನಪಿರಲಿ: ನೋವಿನ ದಿನ ಕೈ ಬಿಗಿಯುತ್ತದೆ, ಔಷಧಿ ತೆಗೆದುಕೊಂಡ ದಿನ ಸಡಿಲಾಗುತ್ತದೆ. ಸಾಲುಗಳ ಅಗಲ ಏರುಪೇರಾದರೆ ಅರ್ಧ ಮಿ.ಮೀ. ಹೆಚ್ಚುಕಡಿಮೆಯ ಎರಡು ಕಡ್ಡಿ ಇಟ್ಟುಕೊಂಡು, ಬಿಗಿ ಕೈಯ ದಿನ ದೊಡ್ಡದನ್ನು ಹಿಡಿಯಿರಿ.

ಒಂದು ದಿನ ಹೊಟ್ಟೆ ಊದಿರುತ್ತದೆ, ಇನ್ನೊಂದು ದಿನ ಇಲ್ಲ. ಯಾವ ದಿನದ ಅಳತೆ ತೆಗೆದುಕೊಳ್ಳಲಿ?

ಊದಿದ ದಿನದ ಅಳತೆಯನ್ನು, ಕುಳಿತುಕೊಂಡೇ ತೆಗೆದುಕೊಳ್ಳಿ. ಅದರ ಮೇಲೆ ಎದೆಯ ಸುತ್ತಳತೆಗೆ 5ರಿಂದ 10 ಸೆಂ.ಮೀ. ಸಡಿಲು ಸೇರಿಸಿದರೆ ಸಾಕು. ಸಡಿಲು ಬೇಕಾದ ಕಡೆ ಮಾತ್ರ ಕೊಡುವ ದಾರಿಗಳಿವೆ: ಪಕ್ಕದಲ್ಲಿ ಸೊಂಟದವರೆಗೆ ಸೀಳು, ಎದೆಯಿಂದ ಕೆಳಕ್ಕೆ ಅಗಲವಾಗುವ ಆಕಾರ, ಹಿಂದೆ ಕಟ್ಟುವ ಲಾಡಿ. ಸೊಂಟಕ್ಕೆ ಎಲಾಸ್ಟಿಕ್ ಬೇಡ. ಅದರ ಬದಲು ಉದ್ದಗೆರೆಯ ಪಟ್ಟಿ ಹೆಣೆಯಿರಿ. ಹಿಂದಿನ ಎಳೆಗೆ ಹಾಕಿದ ಸಿಂಗಲ್ ಕ್ರೋಶಾದ ಸಾಲುಗಳನ್ನು ನಿಲ್ಲಿಸಿ ಜೋಡಿಸಿದರೆ ಆ ಪಟ್ಟಿ ಹಿಗ್ಗಿ ಕುಗ್ಗುತ್ತದೆ, ಆದರೆ ಕಚ್ಚುವುದಿಲ್ಲ.

ಸಡಿಲವಾದದ್ದು ಹಾಕಿದರೆ ಆಕಾರವೇ ಇಲ್ಲದಂತೆ ಕಾಣುತ್ತೇನೆ. ಹಿತವೂ ಬೇಕು, ಚೆಂದವೂ ಕಾಣಬೇಕು. ಆಗುತ್ತದೆಯೇ?

ಆಗುತ್ತದೆ. ಈ ಪ್ರಶ್ನೆಯನ್ನು ಹಲವರು ಸಂಕೋಚದಿಂದ ಕೇಳುತ್ತಾರೆ, ನೋವಿನಲ್ಲಿರುವವರು ಅಂದದ ಬಗ್ಗೆ ಯೋಚಿಸಬಾರದು ಎಂಬಂತೆ. ಆ ಸಂಕೋಚ ಬೇಡ. ಕನ್ನಡಿಯ ಮುಂದೆ ಮನಸ್ಸಿಗೆ ಒಪ್ಪುವ ಬಟ್ಟೆ ತೊಡುವುದು ಎಲ್ಲರ ಹಕ್ಕು.

ಉಡುಪು ಒಂದು ಕಡೆ ಮೈಗೆ ಸರಿಯಾಗಿ ಕೂತರೆ ಉಳಿದ ಕಡೆ ಎಷ್ಟು ಸಡಿಲವಿದ್ದರೂ ನಡೆಯುತ್ತದೆ. ಆ ಒಂದು ಕಡೆ ಭುಜ. ಭುಜದಿಂದ ಭುಜದ ಅಳತೆಯನ್ನು ಮನಸ್ಸಿಟ್ಟು ತೆಗೆಯಿರಿ, ಕೊರಳನ್ನು ಬೆನ್ನಿನ ಕಡೆ ಚೆನ್ನಾಗಿ ಕೂರಿಸಿ, ಕೆಳಗಿನದನ್ನು ಬಿಟ್ಟುಬಿಡಿ. ಜಾರುಭುಜದ ವಿನ್ಯಾಸವಾದರೆ ತೋಳನ್ನಾದರೂ ಮುಂಗೈಯ ಹತ್ತಿರ ಕಿರಿದು ಮಾಡಿ. ಮುಕ್ಕಾಲು ತೋಳು ಮಣಿಕಟ್ಟನ್ನು ತೋರಿಸುವುದರಿಂದ ಇಡೀ ಉಡುಪು ಹಗುರವಾಗಿ ಕಾಣುತ್ತದೆ, ಕೈಗೆ ಆಸರೆಯ ಪಟ್ಟಿ (ಸ್ಪ್ಲಿಂಟ್) ಹಾಕುವವರಿಗೂ ಅನುಕೂಲ. ವಿ ಆಕಾರದ ಕೊರಳು ಕತ್ತಿಗೆ ಉದ್ದ ಕೊಡುತ್ತದೆ, ಕತ್ತು ಮುಟ್ಟಿದರೆ ನೋಯುವವರಿಗೂ ಅದೇ ಸರಿ. ಅಂಚು ನಿಮ್ಮ ಮೈಯ ಅತಿ ಅಗಲದ ಭಾಗದಲ್ಲಿ ನಿಲ್ಲದಿರಲಿ, ನಾಲ್ಕು ಬೆರಳು ಮೇಲೆ ಅಥವಾ ಕೆಳಗೆ ನಿಲ್ಲಲಿ.

ಸಾಲುಗಳನ್ನು ಅಡ್ಡಕ್ಕೆ ಹೆಣೆಯದೆ, ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಹೆಣೆದರೆ ಗೆರೆಗಳು ಮೇಲಿನಿಂದ ಕೆಳಗೆ ಬೀಳುತ್ತವೆ. ಇದೊಂದೇ ಬದಲಾವಣೆಯಿಂದ ಅದೇ ಅಳತೆಯ ಟಾಪ್ ಬೇರೆಯದೇ ಆಗಿ ಕಾಣುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ತೋಳು ಮೇಲೆತ್ತಲು ಆಗುವುದಿಲ್ಲ. ತಲೆಯ ಮೇಲಿಂದ ಹಾಕುವುದನ್ನು ಬಿಟ್ಟೇಬಿಡಬೇಕೇ?

ಮುಂದೆ ತೆರೆಯುವ ಕಾರ್ಡಿಗನ್ ಸುಲಭ. ಕಂಕುಳನ್ನು ಆಳವಾಗಿ ಬಿಡಿ, ತೋಳಿನ ಮೇಲ್ಭಾಗ ಅಗಲವಿರಲಿ, ಹೆಚ್ಚು ನೋಯುವ ಕೈಯನ್ನು ಮೊದಲು ತೂರಿಸಿ. ಸಣ್ಣ ಗುಂಡಿಗಳ ಬದಲು ಮೂರೇ ಮೂರು ದೊಡ್ಡ ಗುಂಡಿ, ಅವುಗಳಿಗೆ ಚೈನಿನ ಕುಣಿಕೆ. ಆಯಸ್ಕಾಂತದ ಗುಂಡಿಗಳು ಒಂದೇ ಕೈಯಲ್ಲಿ ಮುಚ್ಚಿಕೊಳ್ಳುತ್ತವೆ. ಆದರೆ ಪೇಸ್‌ಮೇಕರ್ ಅಥವಾ ನೋವಿಗಾಗಿ ಬೆನ್ನುಹುರಿಯ ಸ್ಟಿಮ್ಯುಲೇಟರ್ ಅಳವಡಿಸಿಕೊಂಡವರು ಅವುಗಳ ಗೊಡವೆಗೆ ಹೋಗಬಾರದು. ತಲೆಯ ಮೇಲಿಂದ ಹಾಕುವುದೇ ಇಷ್ಟವಾದರೆ ಒಂದು ಭುಜದ ಸಂದನ್ನು ಹೊಲಿಯದೆ ಎರಡು ಗುಂಡಿಯಿಂದ ಮುಚ್ಚಿ.

ದಿನವಿಡೀ ಗಾಲಿಕುರ್ಚಿಯಲ್ಲಿ ಇರುತ್ತೇನೆ. ಪ್ಯಾಟರ್ನ್‌ಗಳೆಲ್ಲ ನಿಂತವರಿಗೇ ಇರುತ್ತವೆ.

ಮುಂಭಾಗವನ್ನು ತೊಡೆಯ ಮೇಲೆ ಮುದುಡದಷ್ಟು ಗಿಡ್ಡ ಮಾಡಿ, ಬೆನ್ನನ್ನು ಸೊಂಟ ಮುಚ್ಚುವಷ್ಟು ಉದ್ದ ಬಿಡಿ. ಕುಳಿತು ಒರಗುವ ಜಾಗದಲ್ಲಿ ಉಬ್ಬು ವಿನ್ಯಾಸ, ಸಂದು, ಗುಂಡಿ ಯಾವುದೂ ಬೇಡ. ತೋಳಿನ ತುದಿ ಚಕ್ರಕ್ಕೆ ಸಿಗದಂತೆ ಕಿರಿದಾಗಿರಲಿ.

## ಪಳಗಿದವರಿಗೆ

ಕೊನೆಯ ಹಂತಕ್ಕೆ ಬರುವಾಗ ಇಡೀ ಉಡುಪಿನ ಭಾರ ತಿರುಗಿಸುತ್ತ ಹೆಣೆಯಬೇಕು. ಬೇರೆ ರಚನೆ ಇದೆಯೇ?

ಕೊರಳಿನಿಂದ ಕೆಳಗೆ ಒಂದೇ ತುಂಡಾಗಿ ಹೆಣೆಯುವ ರಾಗ್ಲಾನ್‌ನಲ್ಲಿ ಹೊಲಿಯುವ ಕೆಲಸವಿಲ್ಲ, ಹೆಣೆಯುತ್ತಲೇ ತೊಟ್ಟು ನೋಡಬಹುದು. ಆದರೆ ತೋಳು ಹೆಣೆಯುವಾಗ ಪ್ರತಿ ಸುತ್ತಿಗೂ ಮೈಭಾಗವನ್ನೆಲ್ಲ ತಿರುಗಿಸಬೇಕು, ಮಣಿಕಟ್ಟು ಸೋಲುವುದು ಅಲ್ಲೇ. ಮಣಿಕಟ್ಟು ದುರ್ಬಲವಾಗಿದ್ದರೆ ತುಂಡುಗಳಾಗಿ ಹೆಣೆದು ಜೋಡಿಸಿ. ಗ್ರಾನಿ ಸ್ಕ್ವೇರ್‌ನಂಥ ಚೌಕಗಳಾದರೆ ಕೈಯಲ್ಲಿ ಎಂದಿಗೂ ಕೆಲವೇ ಗ್ರಾಂ ಇರುತ್ತದೆ, ಒಂದು ಅಲಾರಂಗೆ ಒಂದು ಚೌಕ ಮುಗಿಯುತ್ತದೆ. ಬೆರಳ ಸಣ್ಣ ಕೀಲುಗಳು ನೋಯುವವರಿಗೆ ಸೂಜಿ ಹಿಡಿದು ಜೋಡಿಸುವುದೇ ಕಷ್ಟ. ಅವರಿಗೆ ರಾಗ್ಲಾನ್ ಮೇಲು, ಮೈಭಾಗವನ್ನು ಮೇಜಿನ ಮೇಲೆ ಹರಡಿಕೊಂಡು ತೋಳು ಹೆಣೆಯಬೇಕು ಅಷ್ಟೇ. ನಿಮ್ಮ ನೋವು ಎಲ್ಲಿದೆ ಎನ್ನುವುದೇ ರಚನೆಯನ್ನು ನಿರ್ಧರಿಸಲಿ.

ಒಳಗಿನ ಸಂದು ಮತ್ತು ಗಂಟುಗಳು ಚುಚ್ಚುತ್ತವೆ. ಹೇಗೆ ಮುಗಿಸಲಿ?

ಸಿಂಗಲ್ ಕ್ರೋಶಾದಿಂದ ಜೋಡಿಸಿದರೆ ಏಣು ಏಳುತ್ತದೆ. ಅಂಚಿಗೆ ಅಂಚು ಇಟ್ಟು, ಸೂಜಿಯಿಂದ ಆ ಕಡೆ ಈ ಕಡೆ ಏಣಿಯಂತೆ ಹೊಲಿಯುವ ಮ್ಯಾಟ್ರೆಸ್ ಸ್ಟಿಚ್ ಹಾಕಿ, ಇಲ್ಲವೇ ಏಣನ್ನು ಹೊರಗೇ ಬಿಟ್ಟು ಅಲಂಕಾರವಾಗಿಸಿ. ನೂಲು ಬದಲಿಸುವಾಗ ಗಂಟು ಹಾಕಬೇಡಿ. ಸ್ಟಿಚ್‌ನ ಕೊನೆಯ ಸುತ್ತಿಗೆ ಹೊಸ ನೂಲು ಸೇರಿಸಿ, 15 ಸೆಂ.ಮೀ. ತುದಿ ಬಿಟ್ಟು, ಸೂಜಿಯಿಂದ ಮೂರು ದಿಕ್ಕಿಗೆ ಸೇರಿಸಿಬಿಡಿ. ಸೀಳು ನೂಲಾದರೆ ಈ ಕೆಲಸ ಕಣ್ಣಿಗೂ ಕಷ್ಟ, ಹೀಗಾಗಿ ದುಂಡಗೆ ಬಿಗಿಯಾಗಿ ಹುರಿಮಾಡಿದ ನೂಲನ್ನೇ ಕೊಳ್ಳಿ.

ಟ್ಯುನೀಶಿಯನ್ ಕ್ರೋಶಾ ಕೈಗೆ ಹಗುರ ಎಂದು ಕೇಳಿದೆ. ನಿಜವೇ?

ಕೈಯ ಚಲನೆ ಸರಳ, ಆದರೆ ಸಾಲಿನ ಎಲ್ಲ ಕುಣಿಕೆಗಳೂ ಕಡ್ಡಿಯ ಮೇಲೇ ಇರುವುದರಿಂದ ಉದ್ದ ಕಡ್ಡಿಯ ಭಾರ ಮಣಿಕಟ್ಟಿಗೆ ಬೀಳುತ್ತದೆ. ಕೇಬಲ್ ಇರುವ ಗಿಡ್ಡ ಕಡ್ಡಿಯಾದರೆ ಆ ಭಾರ ತೊಡೆಯ ಮೇಲೆ ಕೂರುತ್ತದೆ. ಹೆಣಿಗೆ ದಟ್ಟವಾಗುವುದರಿಂದ ಚೀಟಿಯಲ್ಲಿ ಹೇಳಿದ್ದಕ್ಕಿಂತ ಎರಡು ಅಳತೆ ದೊಡ್ಡ ಕಡ್ಡಿ ಬೇಕು.

ಔಷಧಿಯಿಂದ ತಲೆ ಮಂಕಾಗಿರುತ್ತದೆ. ಎಣಿಕೆ ತಪ್ಪಿ ತಪ್ಪಿ ಬೇಸರವಾಗಿದೆ.

ಎಣಿಸಬೇಕಾದ್ದನ್ನೇ ಕಡಿಮೆ ಮಾಡಿ. ಪ್ರತಿ 20 ಸ್ಟಿಚ್‌ಗೊಂದು ಮಾರ್ಕರ್, ಸಾಲಿನ ಮೊದಲ ಮತ್ತು ಕೊನೆಯ ಸ್ಟಿಚ್‌ಗೆ ಬೇರೆ ಬಣ್ಣದ್ದು. ನಿಲ್ಲಿಸುವಾಗ ಮುಂದೇನು ಮಾಡಬೇಕೆಂದು ಒಂದು ಸಾಲು ಬರೆದು ಹೆಣಿಗೆಗೇ ಸಿಕ್ಕಿಸಿ, ವಾರ ಕಳೆದು ಮರಳಿದರೂ ದಾರಿ ಸಿಗುತ್ತದೆ. ತಿಳಿ ಬಣ್ಣದ, ನಯವಾದ ನೂಲಿನಲ್ಲಿ ಕಣ್ಣುಗಳು ಎದ್ದು ಕಾಣುತ್ತವೆ. ಏರಿಸುವ-ಇಳಿಸುವ ಭಾಗಗಳನ್ನು ತಿಳಿಯಾದ ದಿನಕ್ಕೆ ಮೀಸಲಿಟ್ಟು, ಮಂಕಿನ ದಿನ ನೇರ ಸಾಲುಗಳನ್ನೇ ಹೆಣೆಯಿರಿ. ಹೀಗೆ ಏಕಕಾಲಕ್ಕೆ ಎರಡು ಕೆಲಸ ನಡೆಯುತ್ತಿದ್ದರೆ ತಪ್ಪೇನಿಲ್ಲ.

ಒದ್ದೆ ಉಡುಪು ಹಿಂಡುವ ಶಕ್ತಿ ಇಲ್ಲ. ತೊಳೆಯುವುದು ಹೇಗೆ?

ಹಿಂಡಲೇಬಾರದು, ಕೈಯಲ್ಲಿ ಶಕ್ತಿಯಿದ್ದರೂ. ಯಂತ್ರದಲ್ಲಿ ತೊಳೆಯಬಹುದೆಂದು ಚೀಟಿಯಲ್ಲಿದ್ದರೆ ಬಲೆಚೀಲಕ್ಕೆ ಹಾಕಿ ಮೃದು ಸುತ್ತಿನಲ್ಲಿ ತಣ್ಣೀರಿನಲ್ಲಿ ತೊಳೆಯಿರಿ. ಕೈಯಲ್ಲೇ ತೊಳೆಯಬೇಕಾದ ಉಣ್ಣೆಯನ್ನು ನೀರಿನಲ್ಲಿ ನೆನೆಸಿ, ಎರಡೂ ಕೈಗಳಿಂದ ಅಡಿಯಿಂದ ಎತ್ತಿ ದೊಡ್ಡ ಟವೆಲ್ ಮೇಲೆ ಹರಡಿ, ಚಾಪೆಯಂತೆ ಸುರುಳಿ ಸುತ್ತಿ ಅದರ ಮೇಲೆ ಪಾದದಿಂದ ನಿಧಾನವಾಗಿ ಒತ್ತಿ. ನಂತರ ನೇತುಹಾಕದೆ ಸಮತಟ್ಟಾಗಿ, ಅಳತೆಗೆ ಎಳೆದಿಟ್ಟು ಒಣಗಿಸಿ. ಬಿದಿರಿನ ವಿಸ್ಕೋಸ್ ಒದ್ದೆಯಾದಾಗ ದುರ್ಬಲವಾಗುತ್ತದೆ, ಅದನ್ನು ಒಂದು ತುದಿ ಹಿಡಿದು ಎತ್ತಬೇಡಿ.

ಅಕ್ರಿಲಿಕ್ ಉಡುಪು ಸೆಟೆದುಕೊಂಡಿದ್ದರೆ ಇಸ್ತ್ರಿಪೆಟ್ಟಿಗೆಯನ್ನು ತಾಗಿಸದೆ, ಒಂದೆರಡು ಸೆಂಟಿಮೀಟರ್ ಮೇಲಿನಿಂದ ಹಬೆ ಹಾಯಿಸಿ. ನಾರು ಸಡಿಲಗೊಂಡು ಹೆಣಿಗೆ ಮೆತ್ತಗೆ ಬೀಳತೊಡಗುತ್ತದೆ. ಈ ಬದಲಾವಣೆ ಶಾಶ್ವತ, ಹಿಂದಕ್ಕೆ ತರಲಾಗದು. ಹೀಗಾಗಿ ಮೊದಲು ಮಾದರಿ ತುಂಡಿನ ಮೇಲೆ ಹಾಯಿಸಿ ನೋಡಿ, ಹಿಗ್ಗಿ ಕುಗ್ಗುವ ಪಟ್ಟಿಯ ಅಂಚುಗಳಿಗೆ ಹಬೆ ತಾಗಿಸಬೇಡಿ. ತಾಗಿದರೆ ಅವು ಹಿಗ್ಗಿ ಹಾಗೆಯೇ ಉಳಿದುಬಿಡುತ್ತವೆ.